ಪುಟ್ಟಿಯ ದಿನಗಳನ್ನು ಕೇಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪ್ರಶ್ನೆಗಳನ್ನೆಲ್ಲ ಓದಿದೆ. ನಿನ್ನ ಹೆಂಡತಿ ಮಗಳು ಪುಟ್ಟಿಯ ಜೊತೆ ಹಾಸನದ ತವರಿನಲ್ಲಿದ್ದಾರೆ, ನೀನು ದಾವಣಗೆರೆಯಲ್ಲಿ, ಮಗಳು ಯಾರ ಬಳಿ ಇರಬೇಕು, ನಾನು ಹೇಗೆ ನೋಡಲಿ ಎಂದು ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕು ಎಂದು ನೀನೇ ಹೇಳಿದ್ದರಿಂದ ಹೆಸರುಗಳನ್ನು ತೆಗೆದಿದ್ದೇನೆ. ನಿನ್ನ ಹಾಗೇ ನಿದ್ದೆಗೆಟ್ಟು ಕೂತಿರುವ ಬೇರೆ ಅಪ್ಪ ಅಮ್ಮಂದಿರಿಗೂ ಉಪಯೋಗವಾದೀತು.

ಮೊದಲು ಹಾಸನದ ವಿಷಯ. ಶಾಲೆ ಬಿಡುವ ಹೊತ್ತಿಗೆ ಹೋಗಿ ಪುಟ್ಟಿಯನ್ನು ಕರೆದುಕೊಂಡು ಬಂದುಬಿಡುತ್ತೇನೆ ಎಂದೆಯಲ್ಲ, ದಯವಿಟ್ಟು ಅದನ್ನು ಮಾಡಬೇಡ. ಕೋರ್ಟಿನ ಆದೇಶವೇ ಇಲ್ಲದಿರುವಾಗ ಅಪ್ಪ ಮಗಳನ್ನು ಕರೆತಂದರೆ ತಪ್ಪೇನು ಎಂದು ನಿಮ್ಮಣ್ಣ ಕೇಳಿದರಂತೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಮರುದಿನವೇ ನಿನ್ನ ಹೆಂಡತಿ ಪೊಲೀಸ್ ಠಾಣೆಗೆ ಹೋಗುತ್ತಾರೆ, ಇಲ್ಲವೇ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗುತ್ತಾರೆ. ಎರಡನೇ ಕ್ಲಾಸಿನ ಹುಡುಗಿ ಯೂನಿಫಾರ್ಮಿನಲ್ಲೇ ದಾವಣಗೆರೆಗೆ ಬಂದು, ಪೊಲೀಸರ ಮುಂದೆ ನಿಂತು, ಮತ್ತೆ ವಾಪಸ್ ಹೋಗಬೇಕಾಗಬಹುದು. ಅದಾದ ಮೇಲೆ ನೀನು ಯಾವ ಅರ್ಜಿ ಹಾಕಿದರೂ ಎದುರಿನವರ ತಕರಾರಿನಲ್ಲಿ ಮೊದಲ ಸಾಲು ಅದೇ ಇರುತ್ತದೆ.

ಈಗ ನಿನ್ನ ದೊಡ್ಡ ಪ್ರಶ್ನೆ, ಮಗುವಿನ ಸುಪರ್ದಿಯದು. 'ಕಸ್ಟಡಿ ನನಗೆ ಸಿಗುತ್ತಾ?'

ಒಂದು ಕಡೆ ನಿನಗೆ ಯಾರೋ ಹೇಳಿದ್ದಾರೆ, ಹೆಣ್ಣುಮಗು ಅಂದರೆ ತಾಯಿಗೇ ಕೊಡುತ್ತಾರೆ ಅಂತ. ಇನ್ನೊಂದು ಕಡೆ ನಿಮ್ಮ ಸೋದರಮಾವ ಹೇಳಿದ್ದಾರೆ, ಕಾನೂನಿನ ಪ್ರಕಾರ ತಂದೆಯೇ ಸಹಜ ಪೋಷಕ ಅಂತ. ಎರಡರಲ್ಲೂ ಸ್ವಲ್ಪ ನಿಜ ಇದೆ, ಎರಡನ್ನೂ ನಂಬಿ ಕೂರುವ ಹಾಗಿಲ್ಲ. 1956ರ ಹಿಂದೂ ಅಪ್ರಾಪ್ತರ ಮತ್ತು ಪೋಷಕರ ಕಾಯ್ದೆಯ 6ನೇ ಸೆಕ್ಷನ್ ತಂದೆಯನ್ನು ಮೊದಲು, ಅವರ ನಂತರ ತಾಯಿಯನ್ನು ಹೆಸರಿಸುತ್ತದೆ. ಆದರೆ 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸಾಲಿನ ಬಿಗಿಯನ್ನು ಸಡಿಲಿಸಿತು. ಗೀತಾ ಅವರು ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕು ಎಂದಿದ್ದರು. ತಂದೆ ಬದುಕಿದ್ದಾಗಲೂ ತಾಯಿ ಪೋಷಕಿಯಾಗಬಹುದು ಎಂದು ಕೋರ್ಟ್ ಹೇಳಿತು. ಇನ್ನು ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂಬ ಮಾತೂ ಅದೇ ಸೆಕ್ಷನ್‌ನಲ್ಲಿದೆ. ಪುಟ್ಟಿಗೆ ಏಳು ತುಂಬಿದೆ. ಹಾಗಾಗಿ ಆ ಸಾಲು ನಿನಗೆ ಅಡ್ಡ ಬರುವುದಿಲ್ಲ, ನಿನ್ನ ಹೆಂಡತಿಗೆ ಬಲ ಕೊಡುವುದೂ ಇಲ್ಲ. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಅದೇ ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ. ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು. 1973ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಮಕ್ಕಳು ಅಪ್ಪ ಅಮ್ಮಂದಿರ ಆಸ್ತಿಯೂ ಅಲ್ಲ, ಆಟಿಕೆಯೂ ಅಲ್ಲ ಅಂತ.

ಹಿತ ಅಂದರೆ ಕೋರ್ಟಿನಲ್ಲಿ ಬಹಳ ಸಣ್ಣ ಸಣ್ಣ ವಿಷಯ ಕಣೋ. ಬೆಳಗ್ಗೆ ಜಡೆ ಹಾಕುವವರು ಯಾರು? ಜ್ವರ ಬಂದರೆ ಡಾಕ್ಟರ ಹತ್ತಿರ ಕರೆದೊಯ್ಯುವವರು ಯಾರು? ಶಾಲೆಯ ಪೋಷಕರ ಸಭೆಗೆ ಹೋದವರು ಯಾರು? ಈಗಿನ ಶಾಲೆಗೆ ಮಗು ಹೊಂದಿಕೊಂಡಿದೆಯಾ? ಪುಟ್ಟಿ ಹುಟ್ಟಿದಾಗಿನಿಂದ ಈ ಕೆಲಸಗಳಲ್ಲಿ ಹೆಚ್ಚಿನವನ್ನು ಯಾರು ಮಾಡಿದರು ಎಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಕೆಟ್ಟ ಅಪ್ಪ ಅಲ್ಲ. ಆದರೆ ಪುಟ್ಟಿ ಈಗ ಅಮ್ಮನ ಜೊತೆ, ಅಜ್ಜಿ ತಾತನ ಮನೆಯಲ್ಲಿ, ಹೊಸ ಶಾಲೆಯಲ್ಲಿ ನೆಲೆ ಕಂಡುಕೊಂಡಿದ್ದಾಳೆ. ಅದನ್ನು ಕಿತ್ತು ಪೂರ್ತಿ ಸುಪರ್ದಿಯನ್ನು ನಿನಗೆ ಕೊಡಲು ಕೋರ್ಟಿಗೆ ಬಲವಾದ ಕಾರಣ ಬೇಕು. ಅಂಥ ಕಾರಣ ನಿನ್ನ ಹತ್ತಿರ ಇಲ್ಲ. ಇಲ್ಲದ್ದನ್ನು ಹುಟ್ಟಿಸಲು ಹೊರಟರೆ ಅವರ ಮೇಲೆ ಕೆಸರು ಎರಚಬೇಕಾಗುತ್ತದೆ. ಅದನ್ನೆಲ್ಲ ಮುಂದೊಂದು ದಿನ ಪುಟ್ಟಿಯೇ ಓದಬಹುದು.

ಅದಕ್ಕೇ ಹೇಳುತ್ತೇನೆ, ಮಗು ಯಾರದು ಎಂಬ ಜಗಳಕ್ಕೆ ಇಳಿಯಬೇಡ. ದಿನಗಳನ್ನು ಕೇಳು. ಎಷ್ಟು ದಿನ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಂದ ಎಲ್ಲಿಗೆ. ಅದನ್ನು ಸಾಲು ಸಾಲಾಗಿ ಬರೆಸಿಕೋ.

ಇಷ್ಟು ವರ್ಷ ಫ್ಯಾಮಿಲಿ ಕೋರ್ಟಿನಲ್ಲಿ ಓಡಾಡಿ ನನಗೆ ಅತಿ ಹೆಚ್ಚು ಬೇಜಾರು ತಂದಿರುವುದು ರಾಜಿ ಪತ್ರಗಳಲ್ಲಿ ಬರುವ ಒಂದು ಸಾಲು. 'ಇಬ್ಬರಿಗೂ ಅನುಕೂಲವಾದ ಸಮಯದಲ್ಲಿ ತಂದೆ ಮಗುವನ್ನು ಭೇಟಿ ಮಾಡಬಹುದು.' ಸಹಿ ಹಾಕುವ ದಿನ ಎಲ್ಲರಿಗೂ ಸಮಾಧಾನ. ಆಮೇಲೆ ಒಬ್ಬರಿಗೆ ಅನುಕೂಲವಾದ ದಿನ ಇನ್ನೊಬ್ಬರಿಗೆ ಆಗುವುದಿಲ್ಲ. ಪ್ರತಿ ವಾರ ಹೊಸದಾಗಿ ಚೌಕಾಸಿ. ಮಗು ಚಪ್ಪಲಿ ಹಾಕಿಕೊಂಡು ಕಾಯುತ್ತದೆ, ಅಪ್ಪ ಬರುವುದಿಲ್ಲ. ಅಥವಾ ಅಪ್ಪ ಬಂದು ಗೇಟಿನ ಹೊರಗೆ ನಿಲ್ಲುತ್ತಾನೆ, ಮಗು ಬರುವುದಿಲ್ಲ. ನಿಮ್ಮ ಪತ್ರದಲ್ಲಿ ಆ ಸಾಲು ಇರಕೂಡದು.

ನಿಮ್ಮಿಬ್ಬರ ಊರು ನೋಡಿ ನಾನು ಯೋಚಿಸಿದ್ದು ಹೀಗೆ. ಪ್ರತಿ ವಾರ ದಾವಣಗೆರೆಗೆ ಓಡಾಡಿಸಿದರೆ ಮಗು ಸುಸ್ತಾಗುತ್ತದೆ. ತಿಂಗಳ ಎರಡನೇ ಮತ್ತು ನಾಲ್ಕನೇ ವಾರಾಂತ್ಯ ಕೇಳು. ಒಂದರಲ್ಲಿ ಅವಳು ನಿನ್ನ ಮನೆಗೆ ಬರಲಿ, ಇನ್ನೊಂದರಲ್ಲಿ ನೀನೇ ಹಾಸನಕ್ಕೆ ಹೋಗು. ಮಗುವನ್ನು ಒಪ್ಪಿಸುವ ಜಾಗ ಅರಸೀಕೆರೆ ಸ್ಟೇಷನ್ ಆಗಲಿ. ಅವರಿಗೆ ಹಾಸನದಿಂದ ಹತ್ತಿರ, ನಿನಗೆ ದಾವಣಗೆರೆಯಿಂದ ನೇರ ರೈಲು. ಅವರ ತವರಿನ ಬಾಗಿಲಲ್ಲಿ ನಿಂತು ಮಾವನ ಜೊತೆ ಮಾತಿಗೆ ಮಾತು ಬೆಳೆಯುವುದೂ ತಪ್ಪುತ್ತದೆ. ರೈಲು ತಡವಾದರೆ ಎಷ್ಟು ಹೊತ್ತು ಕಾಯಬೇಕು, ಯಾರಿಗೆ ಮೆಸೇಜ್ ಹಾಕಬೇಕು ಅನ್ನುವುದನ್ನೂ ಬರೆಸು. ಮಗುವಿಗೆ ಜ್ವರ ಬಂದು ಒಂದು ವಾರ ತಪ್ಪಿದರೆ ಅದು ಮುಂದಿನ ವಾರ ಸಿಗಬೇಕು. ನೀನಾಗಿಯೇ ತಪ್ಪಿಸಿದರೆ ಸಿಗಬಾರದು. ಈ ಎರಡನೆಯದನ್ನು ನೀನೇ ಮುಂದಾಗಿ ಹೇಳು, ಅವರಿಗೆ ನಿನ್ನ ಮೇಲೆ ನಂಬಿಕೆ ಬರುತ್ತದೆ.

ಬೇಸಿಗೆ ರಜೆಯಲ್ಲಿ ಅರ್ಧ, ದಸರಾ ರಜೆಯಲ್ಲಿ ಅರ್ಧ. ಒಂದು ವರ್ಷ ಮೊದಲರ್ಧ ನಿನಗೆ, ಮರುವರ್ಷ ಅವರಿಗೆ. ಯುಗಾದಿ ಒಬ್ಬರಲ್ಲಿ, ದೀಪಾವಳಿ ಇನ್ನೊಬ್ಬರಲ್ಲಿ, ಮುಂದಿನ ವರ್ಷ ಅದಲು ಬದಲು. ಗೌರಿ ಹಬ್ಬವನ್ನು ಮಾತ್ರ ಪ್ರತಿ ವರ್ಷ ತಾಯಿಗೇ ಬಿಟ್ಟುಕೊಡು, ಕೇಳಲೂ ಹೋಗಬೇಡ. ನಿಮ್ಮ ದುಗ್ಗಮ್ಮನ ಜಾತ್ರೆ ಬರುವುದು ಎರಡು ವರ್ಷಕ್ಕೊಮ್ಮೆ. ಅದನ್ನು ಹೆಸರು ಹಿಡಿದು ಬರೆಸದಿದ್ದರೆ ಆ ದಿನ ಪರೀಕ್ಷೆ, ಈ ದಿನ ಟ್ಯೂಷನ್ ಎಂದು ಕೈತಪ್ಪುತ್ತದೆ. ನಿಮ್ಮಮ್ಮನಿಗೆ ಮೊಮ್ಮಗಳ ಜೊತೆ ಜಾತ್ರೆಗೆ ಹೋಗುವ ಆಸೆ ಎಷ್ಟು ಅಂತ ನನಗೆ ಗೊತ್ತು. ಶಾಲೆಯ ವಾರ್ಷಿಕೋತ್ಸವಕ್ಕೆ ಇಬ್ಬರೂ ಹೋಗಬಹುದು ಎಂದು ಒಂದು ಸಾಲು ಇರಲಿ. ಅಂಕಪಟ್ಟಿ, ಶಾಲೆಯ ಮೆಸೇಜುಗಳು ನಿನ್ನ ನಂಬರಿಗೂ ಬರಲಿ.

ಫೋನಿನ ವಿಷಯ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಮಗುವಿನ ಸುಪರ್ದಿ ಸಿಗದ ತಂದೆ ಅಥವಾ ತಾಯಿಗೆ, ವಿಶೇಷ ಕಾರಣ ಇಲ್ಲದಿದ್ದರೆ, ದಿನಕ್ಕೆ ಐದು ಹತ್ತು ನಿಮಿಷವಾದರೂ ಮಗುವಿನ ಜೊತೆ ಮಾತಾಡುವ ಹಕ್ಕು ಇರಬೇಕು ಎಂದಿತು. ವಿಡಿಯೊ ಕಾಲ್ ಆದರೆ ಒಳ್ಳೆಯದು ಎಂದೂ ಹೇಳಿತು. ಹೋಮ್‌ವರ್ಕ್ ಮುಗಿದು ಊಟಕ್ಕೆ ಮೊದಲು ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಆ ಕರೆಯಲ್ಲಿ 'ಅಮ್ಮ ಏನು ಮಾಡ್ತಿದ್ದಾಳೆ, ಮನೆಗೆ ಯಾರು ಬಂದಿದ್ರು' ಎಂದು ಮಾತ್ರ ಕೇಳಬೇಡ. ಕಥೆ ಹೇಳು, ಮಗ್ಗಿ ಕೇಳು.

ನೀನು ಜಾಯಿಂಟ್ ಕಸ್ಟಡಿ ಬಗ್ಗೆಯೂ ಕೇಳಿದ್ದೆ. 2013ರಲ್ಲಿ ನಮ್ಮ ಹೈಕೋರ್ಟೇ ಅಂಥದ್ದೊಂದು ಆದೇಶ ಮಾಡಿತ್ತು. ಜನವರಿಯಿಂದ ಜೂನ್ ತನಕ ಮಗು ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತನಕ ತಾಯಿಯ ಬಳಿ. ಶಾಲೆಯ ಖರ್ಚು ಸಮಪಾಲು. ಒಬ್ಬರ ಬಳಿ ಇರುವಾಗ ಶನಿವಾರ ಭಾನುವಾರ ಇನ್ನೊಬ್ಬರು ನೋಡಬಹುದು. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಈ ತೀರ್ಪನ್ನು ಎತ್ತಿ ಹೇಳಿ, ಜಂಟಿ ಸುಪರ್ದಿಯನ್ನು ಕಾನೂನಿಗೇ ಸೇರಿಸಿ ಎಂದು ಶಿಫಾರಸು ಮಾಡಿತು. ಇಬ್ಬರಿಗೂ ಸಮಾನ ಜವಾಬ್ದಾರಿ ಎಂಬ ಅದರ ಹಿಂದಿನ ಯೋಚನೆ ನನಗೆ ತುಂಬಾ ಹಿಡಿಸುತ್ತದೆ. ಆದರೆ ಒಂದೇ ಊರಿನಲ್ಲಿದ್ದರೆ ಸರಿ. ದಾವಣಗೆರೆ ಹಾಸನದ ನಡುವೆ ಆರು ತಿಂಗಳಿಗೊಮ್ಮೆ ಶಾಲೆ ಬದಲಿಸಲು ಆಗುತ್ತದಾ? ನೀನು ಹಾಸನಕ್ಕೆ ವರ್ಗ ಮಾಡಿಸಿಕೊಂಡರೆ ಆ ಮಾತು ಮತ್ತೆ ತೆಗೆಯೋಣ. ಸುಪರ್ದಿಯ ಆದೇಶ ಯಾವತ್ತೂ ಕಲ್ಲಿನಲ್ಲಿ ಕೊರೆದದ್ದಲ್ಲ. ಪರಿಸ್ಥಿತಿ ಬದಲಾದರೆ ಅದೇ ಕೋರ್ಟಿನಲ್ಲಿ ಬದಲಾವಣೆ ಕೇಳಬಹುದು.

ಇನ್ನು ದುಡ್ಡು. ಮಗಳನ್ನು ತೋರಿಸುವ ತನಕ ಒಂದು ರೂಪಾಯಿ ಕಳಿಸುವುದಿಲ್ಲ ಎಂದು ಬರೆದಿದ್ದೀಯ. ಗೆಳೆಯಾ, ಇದೊಂದು ಮಾತಿಗೆ ನನಗೆ ಕೋಪ ಬಂತು. ಜೀವನಾಂಶ ಪುಟ್ಟಿಯ ಊಟ, ಫೀಸು, ಔಷಧಿಯ ಹಣ. ಭೇಟಿಗೂ ಅದಕ್ಕೂ ಗಂಟು ಹಾಕುವ ಹಾಗಿಲ್ಲ. ಅವರೂ ಅಷ್ಟೇ, ಹಣ ಬಂದಿಲ್ಲ ಎಂದು ಮಗುವನ್ನು ತಡೆದು ಇಟ್ಟುಕೊಳ್ಳುವ ಹಾಗಿಲ್ಲ. ಜೀವನಾಂಶ ಕೇಳುವ ಸೆಕ್ಷನ್ನನ್ನು ಹಿಂದೆ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 125 ಎನ್ನುತ್ತಿದ್ದೆವಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. 2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು. ಅಲ್ಲಿ ತನಕ ಕಾಯಬೇಡ. ಈ ತಿಂಗಳಿಂದಲೇ ಪುಟ್ಟಿಯ ಹೆಸರು ಹಾಕಿ ಬ್ಯಾಂಕಿನ ಮೂಲಕ ಕಳಿಸು.

ಕೇಸು ಎಲ್ಲಿ ಹಾಕಬೇಕು? 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಮಗು ಸಾಮಾನ್ಯವಾಗಿ ಇರುವ ಊರಿನ ಕೋರ್ಟಿಗೇ ಹೋಗಬೇಕು. ಅಂದರೆ ಹಾಸನ. ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಹಿಂದೂ ವಿವಾಹ ಕಾಯ್ದೆಯ 26ನೇ ಸೆಕ್ಷನ್ ಹಿಡಿದು ಅಲ್ಲೇ ಮಗುವಿನ ಬಗ್ಗೆ ಅರ್ಜಿ ಹಾಕಬಹುದು. ಹಾಗಂತ ದಾವಣಗೆರೆಯಲ್ಲೇ ವಿಚ್ಛೇದನ ಹಾಕಿ ಅವರನ್ನು ಓಡಾಡಿಸುವ ಯೋಚನೆ ಬಿಡು. ಹೆಂಡತಿಯ ಅನುಕೂಲ ನೋಡಿ ಹೈಕೋರ್ಟು ಕೇಸನ್ನು ವರ್ಗಾಯಿಸುವುದು ತೀರಾ ಸಾಮಾನ್ಯ. ತಿಂಗಳುಗಳು ಸುಮ್ನೆ ಕಳೆದುಹೋಗುತ್ತವೆ, ಅಷ್ಟು ದಿನ ಪುಟ್ಟಿ ನಿನ್ನನ್ನು ನೋಡದೆ ಬೆಳೆಯುತ್ತಾಳೆ. ಅರ್ಜಿಯ ಜೊತೆಗೇ, ಕೇಸು ಮುಗಿಯುವ ತನಕ ಮಗುವನ್ನು ನೋಡಲು ಬಿಡಿ ಎಂಬ ಮಧ್ಯಂತರ ಭೇಟಿಯ ಅರ್ಜಿಯೂ ಹೋಗಲಿ.

ಮೀಡಿಯೇಷನ್ನಿಗೆ, ಅಂದರೆ ಮಧ್ಯಸ್ಥರ ಮುಂದೆ ಕೂತು ಮಾತಾಡಲು, ಕಳಿಸಿದರೆ ಬೇಡ ಎನ್ನಬೇಡ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ ಉದ್ದೇಶವೇ ಮೊದಲು ರಾಜಿಗೆ ಪ್ರಯತ್ನಿಸುವುದು. ಬೆಂಗಳೂರಿನ ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಿಂದ ಮೀಡಿಯೇಷನ್ ಕೇಂದ್ರ ಇದೆ. ಮುಖ ನೋಡಲೂ ಒಪ್ಪದ ಗಂಡ ಹೆಂಡತಿ ಅಲ್ಲಿ ಕೂತು ಮಗುವಿನ ದಸರಾ ರಜೆ ಹಂಚಿಕೊಂಡದ್ದನ್ನು ನಾನು ನೋಡಿದ್ದೇನೆ. ಮದುವೆ ಉಳಿಯಲಿಲ್ಲ, ರಜೆಯ ಲೆಕ್ಕ ಉಳಿಯಿತು. ಅಲ್ಲಿ ಆಡಿದ ಮಾತು ಗುಟ್ಟಾಗಿಯೇ ಇರುತ್ತದೆ, ಕೇಸಿನಲ್ಲಿ ನಿನ್ನ ವಿರುದ್ಧ ಬರುವುದಿಲ್ಲ. ಅವರಿಗೆ ವಕೀಲರು ಇಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಿಗುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ ಅಲ್ಲಿ ಆದಾಯದ ಮಿತಿ ಇಲ್ಲದೆ ಉಚಿತ ನೆರವು ಇದೆ. ಯಾರ ಮೂಲಕವಾದರೂ ಅವರಿಗೆ ಇದನ್ನು ತಿಳಿಸು. ಎದುರಿನವರಿಗೂ ಸರಿಯಾದ ಸಲಹೆ ಸಿಕ್ಕಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ರಾಜಿ ಆಗದೆ ಮಧ್ಯಂತರ ಆದೇಶವಾದರೆ ಶುರುವಿನಲ್ಲಿ ಭೇಟಿ ಕೋರ್ಟಿನ ಆವರಣದಲ್ಲೇ ಇರಬಹುದು. ಕರಿಕೋಟುಗಳು, ಫೈಲು, ಕೂಗಾಟದ ನಡುವೆ ಮಗಳ ಜೊತೆ ಒಂದೆರಡು ಗಂಟೆ. ಹೊಡೆತ, ಕುಡಿತ, ಮಗುವಿಗೆ ಅಪಾಯ ಇರುವ ಕೇಸುಗಳಲ್ಲಿ ಇನ್ನೊಬ್ಬರ ಕಣ್ಣೆದುರಿನ ಭೇಟಿ ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅಂಥವರಿಗೆ ಭೇಟಿಯನ್ನೇ ನಿರಾಕರಿಸಬಹುದು. ನಿಮ್ಮಲ್ಲಿ ಅಂಥದ್ದೇನೂ ಇಲ್ಲ. ಆದರೂ ಮೊದಮೊದಲು ಅಲ್ಲೇ ನೋಡು ಎಂದರೆ ಹೋಗು, ಹೊತ್ತಿಗೆ ಸರಿಯಾಗಿ ಹೋಗು. ಅವಳ ಚಿತ್ರದ ಪುಸ್ತಕ, ಬಣ್ಣದ ಪೆನ್ಸಿಲ್ ಒಯ್ಯಿ. ದುಬಾರಿ ಆಟಿಕೆ ಬೇಡ.

ನ್ಯಾಯಾಧೀಶರು ಪುಟ್ಟಿಯನ್ನು ಚೇಂಬರಿಗೆ ಕರೆದು ಮಾತಾಡಿಸಬಹುದು. ತಿಳಿದು ಹೇಳುವಷ್ಟು ದೊಡ್ಡದಾದ ಮಗುವಿನ ಇಷ್ಟವನ್ನು ಕೋರ್ಟು ಪರಿಗಣಿಸಬಹುದು ಎಂದು ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಏಳು ವರ್ಷದ ಮಗುವಿನ ಮಾತಿಗೆ ಎಷ್ಟು ತೂಕ ಅನ್ನುವುದು ಅವರಿಗೆ ಬಿಟ್ಟದ್ದು. ಅದಕ್ಕೆ ಅಂತ ಅವಳಿಗೆ ಒಂದಕ್ಷರವನ್ನೂ ಹೇಳಿಕೊಡಬೇಡ. ಹೇಳಿಕೊಟ್ಟ ಮಾತನ್ನು ಆ ಕುರ್ಚಿಯಲ್ಲಿ ಕೂತವರು ಕೂಡಲೇ ಗುರುತಿಸುತ್ತಾರೆ. ಅದಕ್ಕಿಂತ ಜಾಸ್ತಿ, ಅಪ್ಪನ ಪರ ಮಾತಾಡಿ ಅಮ್ಮನ ಮನೆಗೆ ವಾಪಸ್ ಹೋಗಿ ಮಲಗಬೇಕಾದವಳು ಅವಳು.

ಅವರ ಅಕ್ಕ ಅಮೆರಿಕದಲ್ಲಿದ್ದಾರೆ, ಮಗುವನ್ನು ಅಲ್ಲಿಗೆ ಕರೆದೊಯ್ದರೆ ಏನು ಗತಿ ಎಂದು ಹೆದರಿದ್ದೀಯ. ಅಪ್ರಾಪ್ತ ಮಕ್ಕಳ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ಒಬ್ಬರೇ ಅರ್ಜಿ ಹಾಕುವ ದಾರಿಯೂ ಇದೆ. ಕೋರ್ಟಿನ ಅನುಮತಿ ಇಲ್ಲದೆ ದೇಶದ ಹೊರಗೆ ಕರೆದೊಯ್ಯಬಾರದು ಎಂಬ ಷರತ್ತನ್ನು ಇಬ್ಬರ ಮೇಲೂ ಹಾಕಿಸೋಣ, ಆಗ ಅದು ಅವರ ಮೇಲಿನ ಅನುಮಾನದಂತೆ ಕಾಣುವುದಿಲ್ಲ.

ಶನಿವಾರ ನೀನು ಬೆಂಗಳೂರಿಗೆ ಬರುವಾಗ ಪುಟ್ಟಿಯ ಶಾಲೆಯ ಈ ವರ್ಷದ ರಜಾ ಪಟ್ಟಿ, ನಿನ್ನ ಡ್ಯೂಟಿ ಚಾರ್ಟು, ಜನನ ಪ್ರಮಾಣಪತ್ರದ ನಕಲು, ಮೂರು ತಿಂಗಳ ಸಂಬಳದ ಚೀಟಿ ತಾ. ಕೂತು ತಿಂಗಳು ತಿಂಗಳಾಗಿ ದಿನ ಗುರುತು ಹಾಕೋಣ. ಅದನ್ನು ಕೋರ್ಟಿಗೆ ಹಾಕುವ ಮೊದಲು ಅವರಿಗೆ ಒಂದು ಪ್ರತಿ ಕಳಿಸೋಣ, ಅವರಿಗೆ ಯಾವ ದಿನ ಆಗುವುದಿಲ್ಲ ಅಂತ ಕೇಳೋಣ. ಉಳಿಯಲು ನಮ್ಮ ಮನೆಗೇ ಬಾ, ಲಾಡ್ಜ್ ಮಾಡಬೇಡ. ಅಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಗೆಳೆಯ