ಮಂಕಿ ಟಾಪ್ ಮನೆಗಳನ್ನು ಉಳಿಸಿ: ನಗರಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ಬೆಂಗಳೂರಿನ ರಿಚ್ಮಂಡ್ ಟೌನ್‌ನವನು. ನಮ್ಮ ರಸ್ತೆಯಲ್ಲಿ ಉಳಿದಿದ್ದ ಕೊನೆಯ ಹಳೇ ಬಂಗಲೆಯನ್ನೂ ಕಳೆದ ತಿಂಗಳು ಕೆಡವಿದರು. ಇಷ್ಟು ವರ್ಷ ನೋಡಿಕೊಂಡು ಸುಮ್ಮನಿದ್ದೆ. ಇನ್ನು ಆಗುವುದಿಲ್ಲ.

ಅದು ವಿಕ್ಟೋರಿಯಾ ರಾಣಿಯ ಕಾಲದ ಮನೆ. ಮುಂದೆ ಪೋರ್ಟಿಕೊ, ಕಿಟಕಿಗಳ ಮೇಲೆ ಮಂಕಿ ಟಾಪ್ ಅನ್ನುವ ಚೂಪು ತುದಿಯ ಮರದ ಮುಚ್ಚಿಗೆ, ಮಾಡಿಗೆ ಮಂಗಳೂರು ಹೆಂಚು. ದಪ್ಪನೆಯ ಗಾರೆ ಗೋಡೆ, ಎತ್ತರದ ಸೂರು, ಸೂರಿನ ಹತ್ತಿರ ವೆಂಟಿಲೇಟರ್. ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಏಪ್ರಿಲ್ ಮಧ್ಯಾಹ್ನದಲ್ಲೂ ಒಳಗೆ ತಂಪು. ಇದು ಬರೀ ಬ್ರಿಟಿಷ್ ದೊರೆಗಳ ಮನೆ ಅನ್ನಬೇಡಿ. 1898ರ ಪ್ಲೇಗ್ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರದಲ್ಲೂ ನಮ್ಮವರೇ ಆಸೆಪಟ್ಟು ಮಂಕಿ ಟಾಪ್ ಹಾಕಿಸಿಕೊಂಡರು.

ಜೆಸಿಬಿ ಬಂದದ್ದು ಶನಿವಾರ ರಾತ್ರಿ. ಬೆಳಗಾಗುವಷ್ಟರಲ್ಲಿ ಪೋರ್ಟಿಕೊ ನೆಲಕ್ಕೆ ಬಿದ್ದಿತ್ತು, ತೇಗದ ಬಾಗಿಲುಗಳು ಲಾರಿ ಹತ್ತಿದ್ದವು. ಫೋನ್ ಮಾಡಿದರೆ ಪಾಲಿಕೆ ಕಚೇರಿಯಲ್ಲಿ ಯಾರೂ ಎತ್ತಲಿಲ್ಲ. ಸೋಮವಾರ ಹೋಗಿ ಕೇಳಿದೆ. "ಆ ಮನೆ ಹೆರಿಟೇಜ್ ಲಿಸ್ಟ್‌ನಲ್ಲಿ ಇದೆಯೇನ್ರೀ? ಇಲ್ಲ ಅಲ್ವಾ? ಮತ್ತೆ ಸುಮ್ನೆ ಯಾಕೆ ತಲೆ ಕೆಡಿಸ್ಕೊಳ್ತೀರಿ?" ಅಂದರು. ಲಿಸ್ಟ್ ಮಾಡಬೇಕಾದವರು ಯಾರು ಸ್ವಾಮಿ? ನಾನಾ?

ಹಳೇ ಕಟ್ಟಡ ಉಳಿಸುವ ನಿಯಮಗಳು ನಿಮಗೆ ಗೊತ್ತೇ ಇವೆ, ಅದನ್ನು ನಾನು ಹೇಳಬೇಕಿಲ್ಲ. ಬೇಕಿರುವುದು ಪಟ್ಟಿ. ಕಾನೂನಿನ ಬಲ ಇರುವ, ಮನೆಮನೆಯ ಹೆಸರಿರುವ ಪಟ್ಟಿ.

1868ರ ಅಠಾರ ಕಚೇರಿಯನ್ನೇ 1980ರ ದಶಕದಲ್ಲಿ ಸರ್ಕಾರ ಕೆಡವಲು ಹೊರಟಿತ್ತು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಇವತ್ತು ಹೈಕೋರ್ಟ್ ನಡೆಯುವುದು ಅಲ್ಲೇ. ರೆಸಿಡೆನ್ಸಿ ರಸ್ತೆಯ ವಿಕ್ಟೋರಿಯಾ ಹೋಟೆಲ್‌ಗೆ ಆ ಭಾಗ್ಯ ಇರಲಿಲ್ಲ, ಆ ಜಾಗದಲ್ಲಿ ಮಾಲ್ ಬಂತು. ಒಂದೊಂದು ಮನೆಗೂ ಜನ ಕೋರ್ಟಿಗೆ ಹೋಗಲು ಆಗುತ್ತದಾ?

ಮಾಲೀಕರನ್ನು ಬೈದು ಪ್ರಯೋಜನವಿಲ್ಲ. ಹೆಂಚು ಬದಲಿಸಬೇಕು, ಗೆದ್ದಲು ಹಿಡಿದ ತೊಲೆ ತೆಗೆಸಬೇಕು, ಗಾರೆ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ. ಖರ್ಚು ತುಂಬಾ ಜಾಸ್ತಿ. ಮನೆ ಉಳಿಸಿಕೊಂಡವರಿಗೆ ಆಸ್ತಿ ತೆರಿಗೆ ಮನ್ನಾ ಮಾಡಿ, ರಿಪೇರಿಗೆ ಹಣ ಕೊಡಿ. ಕೆಡವುವವರಿಗೆ ಸಿಗುವ ಲಾಭದ ಒಂದು ಪಾಲಾದರೂ ಉಳಿಸುವವರಿಗೆ ಸಿಗಲಿ.

ಮೊದಲು ಪಟ್ಟಿ ಪ್ರಕಟಿಸಿ. ಅದು ಆಗುವವರೆಗೆ ಹಳೇ ಬಂಗಲೆ ಕೆಡವಲು ಯಾರಿಗೂ ಅನುಮತಿ ಕೊಡಬೇಡಿ. ಪಕ್ಕದ ರಸ್ತೆಯ ಇನ್ನೊಂದು ಮಂಕಿ ಟಾಪ್ ಮನೆಗೆ ಆಗಲೇ ಸುತ್ತಲೂ ತಗಡು ಹೊಡೆದಿದ್ದಾರೆ. ದಯವಿಟ್ಟು ಈ ವಾರವೇ ಆದೇಶ ಹೊರಡಿಸಿ.

ಇತಿ,
ರಿಚ್ಮಂಡ್ ಟೌನ್‌ನ ನಿವಾಸಿ