ಮೊದಲ ಪ್ರೀತಿಯ ಕಾದಂಬರಿಗೆ ಹದಿನಾರರ ಕಣ್ಣು ಬೇಕು

ಮಾನ್ಯ ಸಂಪಾದಕರೇ,

ಹದಿಹರೆಯದ ಮೊದಲ ಪ್ರೀತಿಯ ಕಾದಂಬರಿ ಬರೆಯಲು ಸುಲಭ, ಓದಿ ಮರೆಯಲು ಇನ್ನೂ ಸುಲಭ ಎಂಬ ಮಾತು ಆಗಾಗ ಕೇಳಿಬರುತ್ತದೆ. ಇಂಥ ಹಸ್ತಪ್ರತಿಗಳನ್ನು ತಿದ್ದುವವರು ಈ ಮಾತನ್ನು ಒಪ್ಪಲಾರರು. ಕೆಟ್ಟುಹೋಗುವ ಬರಹಗಳು ಬಹುಪಾಲು ಒಂದೇ ಕಡೆ ಎಡವುತ್ತವೆ: ಕಥೆ ಹೇಳುವವಳು ಹದಿನಾರರ ಹುಡುಗಿ, ನೋಡುವ ಕಣ್ಣು ಮಾತ್ರ ನಲವತ್ತರದು.

‘ಅದು ಬರೀ ವಯಸ್ಸಿನ ಸೆಳೆತ ಎಂದು ಅವಳಿಗೆ ಆಗ ತಿಳಿದಿರಲಿಲ್ಲ.’ ಇಂಥದೊಂದು ವಾಕ್ಯ ಮೊದಲ ಅಧ್ಯಾಯದಲ್ಲಿ ಬಂದರೆ ಕಥೆ ಅಲ್ಲಿಗೇ ಮುಗಿದ ಹಾಗೆ. ಈ ಪ್ರೀತಿಯನ್ನು ಬರೆದವರೇ ನಂಬಿಲ್ಲ ಎಂಬುದು ಎಳೆಯ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಹದಿಹರೆಯದಲ್ಲಿ ಸುಖಕ್ಕೆ, ಮೆಚ್ಚುಗೆಗೆ ಸ್ಪಂದಿಸುವ ಮಿದುಳಿನ ಭಾಗಗಳು ಬಲು ಚುರುಕು. ತೂಗಿನೋಡುವ ಮುಂಭಾಗ ಬಲಿಯುವುದು 25ರ ಆಸುಪಾಸಿಗೆ. ಒಂದು ಸಂಜೆ ಉತ್ತರ ಬರದಿದ್ದರೆ ಲೋಕವೇ ಮುಳುಗಿತೆನ್ನಿಸುವುದು ಆ ವಯಸ್ಸಿಗೆ ನಟನೆಯಲ್ಲ, ನಿಜ. ಮೊದಲ ಕರಡು ಮುಗಿದ ಮೇಲೆ ಪೆನ್ಸಿಲ್ ಹಿಡಿದು ‘ಆಮೇಲೆ ಅರ್ಥವಾಯಿತು’, ‘ಆ ವಯಸ್ಸೇ ಹಾಗೆ’, ‘ಈಗ ನೆನೆದರೆ’ ಎಂಬವನ್ನೆಲ್ಲ ಹೊಡೆದುಹಾಕಿ ಓದಬೇಕು. ಎಷ್ಟೋ ಪುಟಗಳು ಅಷ್ಟರಿಂದಲೇ ಉಸಿರಾಡತೊಡಗುತ್ತವೆ.

ಇನ್ನು ಮಾತು. ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಕನ್ನಡದಲ್ಲಿ ಯಾವ ಹುಡುಗನೂ ಹೇಳುವುದಿಲ್ಲ. ‘ನೀನಂದ್ರೆ ನಂಗಿಷ್ಟ’ ಎನ್ನಬಹುದು, ಅದೂ ಅಪರೂಪಕ್ಕೆ. ಹೆಚ್ಚಿನವರು ಹೇಳುವುದು ‘ಸರಿ, ಹೋಗ್ತೀನಿ’ ಎಂದು. ಹೇಳಿ ಹತ್ತು ನಿಮಿಷ ಅಲ್ಲೇ ನಿಂತಿರುತ್ತಾರೆ. ನಿನ್ನೆಯವರೆಗೆ ‘ಲೋ, ಬಾರೋ’ ಎನ್ನುತ್ತಿದ್ದ ಹುಡುಗಿ ಇವತ್ತು ಅವನನ್ನು ಏನೆಂದೂ ಕರೆಯುವುದಿಲ್ಲ. ಹೆಸರೂ ಬಾಯಿಗೆ ಬರುವುದಿಲ್ಲ, ಹತ್ತಿರ ಹೋಗಿಯೇ ಮಾತಾಡುತ್ತಾಳೆ. ಈ ಒಂದು ಬದಲಾವಣೆ ಮಾಡುವ ಕೆಲಸವನ್ನು ‘ಹೃದಯ ಜೋರಾಗಿ ಬಡಿದುಕೊಂಡಿತು’ ಎಂಬ ವಾಕ್ಯ ಮಾಡಲಾರದು. ಅವನು ಪೆನ್ನು ಕೇಳಿ ಪಡೆದ, ಮರಳಿಸುವಾಗ ಕ್ಯಾಪಿನ ತುದಿಯಲ್ಲಿ ಹಲ್ಲಿನ ಗುರುತು. ಅವಳು ಅದನ್ನು ಒರೆಸದೆ ಹಾಗೇ ಬ್ಯಾಗಿಗೆ ಹಾಕಿಕೊಂಡಳು. ದೃಶ್ಯ ಅಲ್ಲಿಗೆ ನಿಲ್ಲಲಿ. ಕೆಳಗೆ ವಿವರಣೆ ಬರೆದರೆ ಕೆಟ್ಟಿತು.

ಉದ್ದ, ವಯಸ್ಸುಗಳ ಲೆಕ್ಕವೂ ಬೇಕು. ಅಮೆರಿಕದ ಗ್ರಂಥಾಲಯ ಸಂಘದ ವಿಭಾಗವೊಂದು ಹದಿಹರೆಯದವರ ಪುಸ್ತಕಗಳಿಗೆಂದು 2000ದಿಂದ ಕೊಡುತ್ತಿರುವ ಪ್ರಿಂಟ್ಜ್ ಪ್ರಶಸ್ತಿ 12ರಿಂದ 18ರ ಓದುಗರನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮಕ್ಕಳು ತಮಗಿಂತ ಒಂದೆರಡು ವರ್ಷ ದೊಡ್ಡವರ ಕಥೆ ಓದಲು ಇಷ್ಟಪಡುವುದರಿಂದ ಮುಖ್ಯ ಪಾತ್ರ 15ರಿಂದ 17ರದಾದರೆ ಒಳ್ಳೆಯದು. ಇಂಗ್ಲಿಷಿನಲ್ಲಿ ಇಂಥ ಕಾದಂಬರಿ ಸಾಮಾನ್ಯವಾಗಿ 50ರಿಂದ 80 ಸಾವಿರ ಪದ. ಆ ಅಳತೆಯನ್ನು ಕನ್ನಡಕ್ಕೆ ಹಾಗೇ ತರಬಾರದು. ನಮ್ಮಲ್ಲಿ ವಿಭಕ್ತಿ ಪದಕ್ಕೇ ಅಂಟುವುದರಿಂದ ಅದೇ ಕಥೆ ಇನ್ನೂ ಕಡಿಮೆ ಪದಗಳಲ್ಲಿ ಮುಗಿಯುತ್ತದೆ.

ಹಳೆಯ ಕಥೆಗಳ ತಪ್ಪು ತಿಳಿವಳಿಕೆಯ ತಿರುವು ಮೊಬೈಲ್ ಬಂದ ಮೇಲೆ ನಡೆಯುವುದಿಲ್ಲ. ಒಂದು ಮೆಸೇಜಿನಲ್ಲಿ ಬಗೆಹರಿಯುವ ಜಗಳವನ್ನು 200 ಪುಟ ಎಳೆದರೆ ಓದುಗರು ಪುಸ್ತಕ ಮುಚ್ಚುತ್ತಾರೆ. ಅಡ್ಡಿ ಒಳಗಿನದಾಗಿರಬೇಕು: ಹೇಳಲು ದಾರಿಯಿದೆ, ಹೇಳಲಾಗುತ್ತಿಲ್ಲ. ರಾತ್ರಿ 11.40ಕ್ಕೆ ಟೈಪ್ ಮಾಡಿ, ಅಳಿಸಿ, ಕೊನೆಗೆ ‘ಹೋಮ್‌ವರ್ಕ್ ಆಯ್ತಾ?’ ಎಂದಷ್ಟೇ ಕಳಿಸುವುದು ಇವತ್ತಿನ ಪ್ರೇಮಪತ್ರ. ಆಪ್‌ಗಳ ಹೆಸರು ಮಾತ್ರ ಬೇಡ, ಬೇಗ ಹಳತಾಗುತ್ತವೆ.

ಪ್ರೀತಿಸಲ್ಪಡುವ ಪಾತ್ರಕ್ಕೂ ತನ್ನದೇ ಬದುಕಿರಬೇಕು. ನಾಯಕ ಎದುರಿಗಿಲ್ಲದ ಮೂರು ದಿನ ಅವಳು ಏನು ಮಾಡುತ್ತಾಳೆಂದು ಬರೆಯಲು ಬಾರದಿದ್ದರೆ ಅವಳಿನ್ನೂ ಪಾತ್ರವಾಗಿಲ್ಲ. ‘ಬೇಡ’ ಎಂದವಳ ಹಿಂದೆ ಬೀಳುವುದನ್ನು ಛಲವೆಂದು ಹೊಗಳುವ ಬರಹವನ್ನಂತೂ ಯಾವ ಸಂಪಾದಕರೂ ಬಿಡಬಾರದು. ಜೋಡಿಯ ನಡುವೆ ಒಂಟಿಯಾಗುವ ಹಳೆಯ ಗೆಳತಿಯ ಕಡೆಗೂ ಬರೆಯುವವರು ತಿರುಗಿ ನೋಡಲಿ. ಪುಸ್ತಕದ ಒಳ್ಳೆಯ ಅಧ್ಯಾಯ ಅಲ್ಲೇ ಕಾದಿರುತ್ತದೆ.

ಕೊನೆ ಬರೆಯುವಾಗ ಅತಿ ಎಚ್ಚರ ಬೇಕು. 1774ರಲ್ಲಿ ಜರ್ಮನ್ ಲೇಖಕ ಗಯಟೆ ಬರೆದ ಕಾದಂಬರಿಯ ನಾಯಕ ಪ್ರೇಮಭಂಗದಿಂದ ಪ್ರಾಣ ಬಿಡುತ್ತಾನೆ. ಅದನ್ನು ಅನುಕರಿಸುತ್ತಾರೆಂಬ ಭಯಕ್ಕೆ ಜರ್ಮನಿಯ ಲೈಪ್‌ಜಿಗ್‌ ನಗರದಲ್ಲಿ ಆ ಪುಸ್ತಕಕ್ಕೆ ನಿಷೇಧ ಬಂದಿತ್ತು. ಪತ್ರಿಕೆಗಳ ಆತ್ಮಹತ್ಯೆಯ ವರದಿಗಳಿಂದ ಆಗುವ ಇಂಥದೇ ಅನುಕರಣೆಗೆ 1974ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಆ ನಾಯಕನ ಹೆಸರನ್ನೇ ಇಟ್ಟು ‘ವರ್ದರ್ ಪರಿಣಾಮ’ ಎಂದರು. ಸಾವನ್ನು ಪ್ರೀತಿಯ ಸಾಕ್ಷಿಯಾಗಿ ತೋರಿಸುವುದು, ಅದರ ವಿಧಾನವನ್ನು ವರ್ಣಿಸುವುದು ಎರಡೂ ಬೇಡ. ಹಾಗೆಂದು ಮದುವೆಯೇ ಆಗಬೇಕಿಲ್ಲ. ಇಬ್ಬರೂ ಬೇರೆಯಾಗಿ, ಒಂದು ವಾರ ಊಟ ಸೇರದೆ, ಎಂಟನೆಯ ದಿನ ಹಸಿವಾಯಿತೆಂದು ಮುಗಿಸಿದರೂ ಅದು ಪೂರ್ಣವೇ.

ನಿಮ್ಮ ಪುಸ್ತಕ ಪುಟದಲ್ಲಿ ಇಂಥ ಕಾದಂಬರಿಗಳನ್ನು ಬಂದ ಪುಸ್ತಕಗಳ ‘ಸ್ವೀಕಾರ’ ಪಟ್ಟಿಯ ಎರಡು ಸಾಲಿಗೆ ಇಳಿಸದೆ ಪೂರ್ಣ ವಿಮರ್ಶೆ ಕೊಡಿ. ಎಷ್ಟು ವಯಸ್ಸಿನವರಿಗೆ ಎಂಬುದನ್ನು ತಪ್ಪದೆ ನಮೂದಿಸಿ. ವಿಮರ್ಶಕರ ಪಕ್ಕದಲ್ಲೇ ಹದಿನಾರು-ಹದಿನೇಳರ ಓದುಗರೊಬ್ಬರಿಗೂ ಇನ್ನೂರು ಪದಗಳ ಜಾಗ ಕೊಡಿ. ‘ಇಷ್ಟವಾಯಿತೇ’ ಎಂದು ಕೇಳಬೇಡಿ, ಯಾವ ಪುಟ ಹಾರಿಸಿ ಓದಿದೆ ಎಂದು ಕೇಳಿ.

– ಹದಿಹರೆಯದವರ ಪುಸ್ತಕಗಳ ಸಂಪಾದಕರು