ತೋಟದ ಕಾರ್ಮಿಕರಿಗೆ ಕಾನೂನು ನೆರವು ಮೊದಲ ದಿನವೇ ಸಿಗಲಿ

ಮಾನ್ಯ ಸಂಪಾದಕರೇ,

ಮೂಡಿಗೆರೆ, ಸಕಲೇಶಪುರ ಭಾಗದ ಕಾಫಿ ತೋಟಗಳಲ್ಲಿ ಮೆಣಸಿನ ಕೊಯ್ಲು, ಮರಗಸಿಯ (ನೆರಳಿನ ಮರಗಳ ಕೊಂಬೆ ಕತ್ತರಿಸುವ) ಕಾಲ ಬಂತೆಂದರೆ ಏಣಿಯಿಂದ ಬಿದ್ದವರ, ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ಕಿವಿಗೆ ಬೀಳುತ್ತದೆ. ಅವರ ಕುಟುಂಬಕ್ಕೆ ಪೂರ್ತಿ ಪರಿಹಾರ ಸಿಕ್ಕಿತೆಂಬ ಸುದ್ದಿ ಮಾತ್ರ ಅಪರೂಪ. ತೋಟದ ರೈಟರ್ ಆಗಿ ಬಹುಕಾಲ ಹಾಜರಿ ಪುಸ್ತಕ ಬರೆದ ನಾನು ಕಂಡಂತೆ, ಪರಿಹಾರ ಕೈತಪ್ಪುವುದು ಬಹುಮಟ್ಟಿಗೆ ಅಪಘಾತದ ದಿನವೇ.

ಗಾಯಾಳುವನ್ನು ಜೀಪಿನಲ್ಲಿ ಆಸ್ಪತ್ರೆಗೆ ತಂದವರು ‘ಲೈನ್ ಮನೆ (ಕಾರ್ಮಿಕರ ಸಾಲುಮನೆ) ಹತ್ತಿರ ಜಾರಿ ಬಿದ್ದ’ ಎನ್ನುತ್ತಾರೆ. ಅಲ್ಲಿ ಹಾಗೆಯೇ ದಾಖಲಾಗುತ್ತದೆ. ಕೆಲಸದ ವೇಳೆಯಲ್ಲಿ, ಕೆಲಸದ ಕಾರಣದಿಂದಲೇ ಅಪಘಾತವಾಯಿತೆಂದು ಮುಂದೆ ಸಾಬೀತುಪಡಿಸಬೇಕಾದಾಗ ಆ ಒಂದು ಸಾಲೇ ಕುಟುಂಬಕ್ಕೆ ಮುಳುವಾಗುತ್ತದೆ. ಸಾವು ಸಂಭವಿಸಿದ್ದರೆ, ತಿಥಿ ಮುಗಿಯುವಷ್ಟರಲ್ಲಿ ಛಾಪಾ ಕಾಗದ ಬಂದು, ಐವತ್ತು ಸಾವಿರಕ್ಕೋ ಲಕ್ಷಕ್ಕೋ ಹೆಬ್ಬೆಟ್ಟು ಒತ್ತಿಸಿಕೊಂಡು ರಾಜಿ ಮುಗಿಯುತ್ತದೆ. ಎಲ್ಲ ಮಾಲೀಕರೂ ಹೀಗಲ್ಲ. ವಿಮೆ ಮಾಡಿಸಿ, ತಾವೇ ಮುಂದೆ ನಿಂತು ಪರಿಹಾರ ಕೊಡಿಸಿದವರನ್ನೂ ಬಲ್ಲೆ.

2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ ಇಂಥ ರಾಜಿಯನ್ನು ಒಪ್ಪುತ್ತಲೇ ಇರಲಿಲ್ಲ. ಅದರಂತೆ ಸಾವಿನ ಪರಿಹಾರವನ್ನು, ಇಂಥ ಪ್ರಕರಣಗಳನ್ನು ತೀರ್ಮಾನಿಸುವ ಆಯುಕ್ತರಲ್ಲಿ ಠೇವಣಿ ಇಡಬೇಕಿತ್ತು. ಮೂರು ತಿಂಗಳ ಕೂಲಿಯಷ್ಟು ಮುಂಗಡದ ಹೊರತು, ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರದ ಲೆಕ್ಕಕ್ಕೆ ಬರುತ್ತಿರಲಿಲ್ಲ. ಹಕ್ಕು ಬಿಟ್ಟುಕೊಟ್ಟೆನೆಂಬ ಕರಾರು ಅಸಿಂಧುವಾಗಿತ್ತು. ತಿಂಗಳಿಗೆ 15,000 ರೂಪಾಯಿ ದುಡಿಯುತ್ತಿದ್ದ 35 ವರ್ಷದ ಕಾರ್ಮಿಕ ಸತ್ತರೆ, ಅರ್ಧ ಕೂಲಿಯನ್ನು ಆ ವಯಸ್ಸಿಗೆ ನಿಗದಿಯಾದ 197.06ರಿಂದ ಗುಣಿಸಿ ಬರುವ ಮೊತ್ತ 14,77,950 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ 12ರ ಬಡ್ಡಿ, ವಿಳಂಬಕ್ಕೆ ಸಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ. ಈ ರಕ್ಷಣೆಗಳ ತಿರುಳು ಆ ಕಾಯ್ದೆಯ ಜಾಗಕ್ಕೆ ಬಂದಿರುವ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಹೆಬ್ಬೆಟ್ಟು ಒತ್ತುವ ಮೊದಲು ಸತ್ತವನ ಹೆಂಡತಿಗೆ ಈ ಲೆಕ್ಕವನ್ನು ಯಾರಾದರೂ ಹೇಳಬೇಕಲ್ಲವೇ?

ಪರಿಹಾರದ ಪ್ರಕರಣ ಗೆದ್ದ ಮೇಲೂ ಹಣ ಕೈಸೇರುವ ಖಾತ್ರಿಯಿಲ್ಲ. ವಿಮಾ ಕಂಪನಿ ಹೈಕೋರ್ಟಿಗೆ ಮೇಲ್ಮನವಿ ಹೋಗುತ್ತದೆ. ಕಾನೂನಿನ ಗಣನೀಯ ಪ್ರಶ್ನೆಯಿದ್ದರೆ ಮಾತ್ರ ಅದಕ್ಕೆ ಅವಕಾಶ. ಸಂಗತಿಗಳ ಮಟ್ಟಿಗೆ ಆಯುಕ್ತರ ತೀರ್ಮಾನವೇ ಕೊನೆಯದೆಂದು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಸ್ಪಷ್ಟಪಡಿಸಿದೆ. ಆದರೆ ಬೆಂಗಳೂರಿನಲ್ಲಿ ಈ ಮಾತನ್ನು ಎತ್ತಿ ಹೇಳಲು ಕುಟುಂಬದ ಪರ ವಕೀಲರು ನಿಂತಿರಬೇಕು. ಲೈನ್ ಮನೆಗೆ ಬಂದ ನೋಟಿಸು ಓದಿಸುವವರಿಲ್ಲದೆ ಗೋಡೆಯ ಸಂದಿಯಲ್ಲೇ ಉಳಿದರೆ ಗೆದ್ದದ್ದೂ ಕೈಬಿಟ್ಟುಹೋದೀತು.

1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರು, ಪರಿಶಿಷ್ಟರು, ಅಂಗವಿಕಲರು ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರನ್ನು ಪಡೆಯಬಹುದು. ಹೈಕೋರ್ಟಿನಲ್ಲೂ ಇದಕ್ಕೆ ಸಮಿತಿಯಿದೆ, 15100ಕ್ಕೆ ಕರೆ ಮಾಡಿಯೂ ಕೇಳಬಹುದು. ಆದರೆ ತೋಟದಿಂದ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಬರಲು ಒಂದು ದಿನದ ಕೂಲಿ ಬಿಡಬೇಕಾದವರು ನೆರವನ್ನು ಹುಡುಕಿಕೊಂಡು ಬರಲೆಂದು ಕಾಯುವುದು ಸರಿಯಲ್ಲ. ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಪ್ರಾಧಿಕಾರಗಳು ಮೆಣಸಿನ ಕೊಯ್ಲಿಗೆ ಮುಂಚೆಯೇ ಹೋಬಳಿಗಳಲ್ಲಿ ಶಿಬಿರ ನಡೆಸಬೇಕು. ತೋಟದಲ್ಲಿ ಗಾಯಗೊಂಡವರು ಬಂದೊಡನೆ ತಾಲ್ಲೂಕು ಆಸ್ಪತ್ರೆಯಿಂದ ಪ್ರಾಧಿಕಾರದ ಅರೆ ಕಾನೂನು ಸ್ವಯಂಸೇವಕರಿಗೆ (ಕಾನೂನು ನೆರವಿನ ತರಬೇತಿ ಪಡೆದವರಿಗೆ) ತಿಳಿಸುವ ವ್ಯವಸ್ಥೆಯಾಗಬೇಕು. ಮೇಲ್ಮನವಿಯಾದರೆ ಕಡತವನ್ನು ಹೈಕೋರ್ಟ್ ಸಮಿತಿಗೆ ಪ್ರಾಧಿಕಾರವೇ ತಲುಪಿಸಿ, ಅಲ್ಲಿ ಯಾವ ವಕೀಲರು ಹಾಜರಾಗುತ್ತಾರೆಂಬುದನ್ನು ಕುಟುಂಬಕ್ಕೆ ಅವರ ಭಾಷೆಯಲ್ಲೇ ತಿಳಿಸಬೇಕು.

ಇತಿ,
ನಿವೃತ್ತ ತೋಟದ ರೈಟರ್, ಮೂಡಿಗೆರೆ